ಗುಮ್ಮನಿಗೂ ಅರ್ಥ ಬೇಕೆ?

ವಿಜ್ಞಾನದ ಕಲ್ಪನೆಯನ್ನು ಆಧರಿಸಿ ತೆಗೆದ ಸಾಹಸ ಚಿತ್ರಗಳ ಮಾತು ಬಂದಾಗಲೆಲ್ಲ ರಸಿಕರು ಎರಡು ಪಂಗಡಗಳಾಗಿ ನಿಲ್ಲುವುದುಂಟು. ಕಾಸು ಕೊಟ್ಟು ಕತ್ತಲೆಯಲ್ಲಿ ಕುಳಿತದ್ದು ಉಪದೇಶ ಕೇಳುವುದಕ್ಕಲ್ಲ. ದೈತ್ಯಾಕೃತಿಯೊಂದು ಊರನ್ನು ಪುಡಿಗಟ್ಟಲಿ, ಕೊನೆಗೆ ಯಾರಾದರೂ ಅದನ್ನು ಕೊಲ್ಲಲಿ, ಅಷ್ಟು ಸಾಕು ಎಂಬುದು ಒಂದು ಪಕ್ಷ. ಅರ್ಥವಿಲ್ಲದ ಆರ್ಭಟದಿಂದ ಬಂದ ಭಾಗ್ಯವೇನು ಎಂಬುದು ಇನ್ನೊಂದು. ಈ ವ್ಯಾಜ್ಯದಲ್ಲಿ ವಾದಕ್ಕಿಂತ ಬಲವಾದ ಸಾಕ್ಷ್ಯವೊಂದು ಚಲಚ್ಚಿತ್ರದ ಚರಿತ್ರೆಯಲ್ಲಿಯೇ ದೊರೆಯುತ್ತದೆ. ಒಂದೇ ಚಿತ್ರ, ಒಮ್ಮೆ ಅರ್ಥಸಹಿತವಾಗಿ, ಮತ್ತೊಮ್ಮೆ ಆ ಅರ್ಥದ ಬಹುಭಾಗವನ್ನು ಕತ್ತರಿಗೆ ಒಪ್ಪಿಸಿ, ಎರಡು ದೇಶಗಳಲ್ಲಿ ತೆರೆ ಕಂಡಿತು. ಅದು ಜಪಾನಿನ 'ಗೊಜಿರಾ'. ಹೊರಗಿನ ಜಗತ್ತು ಅದನ್ನು ಬಲ್ಲುದು 'ಗಾಡ್ಜಿಲ್ಲಾ' ಎಂದು.

ಚಿತ್ರ ಹುಟ್ಟಿದ ಬಗೆಯನ್ನು ಕೇಳಿದರೆ ಅರ್ಥವಾದಿಗಳಿಗೆ ಕೊಂಚ ನಿರಾಶೆಯಾದೀತು. ತೋಹೊ ಸಂಸ್ಥೆಯ ನಿರ್ಮಾಪಕ ತೊಮೊಯುಕಿ ತನಾಕಾ ಅವರು ಇಂಡೋನೇಷ್ಯದೊಡನೆ ಕೂಡಿ ತೆಗೆಯಬೇಕೆಂದಿದ್ದ ಚಿತ್ರವೊಂದು ಮುರಿದುಬಿದ್ದಿತ್ತು. ತೆರವಾದ ಜಾಗಕ್ಕೆ ತುರ್ತಾಗಿ ಒಂದು ಕಥೆ ಬೇಕಾಗಿತ್ತು. ಕಡಲಿನಿಂದ ಎದ್ದುಬರುವ ಪ್ರಾಣಿಯ ಅಮೆರಿಕನ್ ಚಿತ್ರವೊಂದು 1953ರಲ್ಲಿ ಚೆನ್ನಾಗಿ ಹಣ ಗಳಿಸಿತ್ತು. ಅಂಥದೇ ಒಂದು ನಮ್ಮಲ್ಲೂ ಆಗಲಿ ಎಂದರು. ಲೋಕೋದ್ಧಾರದ ಸಂಕಲ್ಪ ಅಲ್ಲಿರಲಿಲ್ಲ, ಇದ್ದದ್ದು ವ್ಯಾಪಾರ.

ಆದರೆ ಆ ವರ್ಷ ಜಪಾನಿನ ಗಾಳಿಯಲ್ಲೇ ಬೇರೊಂದು ವಸ್ತು ಬೆರೆತಿತ್ತು. 1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪವಲಯದಲ್ಲಿ ಜಲಜನಕ ಬಾಂಬೊಂದನ್ನು ಸಿಡಿಸಿ ಪರೀಕ್ಷಿಸಿತು. ಅದರ ಬಲ 15 ಮೆಗಾಟನ್. ಲೆಕ್ಕ ಹಾಕಿದ್ದಕ್ಕಿಂತ ಎರಡು ಪಟ್ಟಿಗೂ ಮಿಗಿಲು. ಅಪಾಯದ ಗಡಿಯೆಂದು ಸಾರಿದ್ದ ಎಲ್ಲೆಯ ಹೊರಗೆ ಮೀನು ಹಿಡಿಯುತ್ತಿದ್ದ 'ಐದನೆಯ ಫುಕುರ್ಯು ಮಾರು' ಎಂಬ ದೋಣಿಯ ಮೇಲೆ ಬಿಳಿಯ ಬೂದಿ ಮಳೆಯಂತೆ ಸುರಿಯಿತು. ಸುಟ್ಟ ಹವಳದ ಪುಡಿ ಅದು. ದೋಣಿಯಲ್ಲಿದ್ದವರು 23 ಮಂದಿ. ಎಲ್ಲರೂ ಕಾಯಿಲೆಬಿದ್ದು ದಡ ಸೇರಿದರು. ಮಾರುಕಟ್ಟೆಯ ಮೀನನ್ನು ಜನ ಮುಟ್ಟದಾದರು. ತೋಕಿಯೊದ ಸುಗಿನಾಮಿ ಬಡಾವಣೆಯ ಗೃಹಿಣಿಯರು ಇಂಥ ಬಾಂಬುಗಳ ವಿರುದ್ಧ ಸಹಿ ಕೂಡಿಸತೊಡಗಿದರು. ಮರುವರ್ಷದ ಹೊತ್ತಿಗೆ ಸಹಿಗಳ ಸಂಖ್ಯೆ 3 ಕೋಟಿಯನ್ನು ಮೀರಿತು. ದೋಣಿಯ ರೇಡಿಯೊ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಅದಾಗಿ ಆರು ವಾರ ತುಂಬುವ ಮೊದಲೇ, ನವೆಂಬರ್ 3ರಂದು, 'ಗೊಜಿರಾ' ಬಿಡುಗಡೆಯಾಯಿತು.

ಚಿತ್ರದ ಮೊದಲ ದೃಶ್ಯವೇನೆಂದು ಬಲ್ಲಿರಾ? ಶಾಂತವಾದ ಕಡಲು, ದೋಣಿಯ ಮೇಲೆ ವಿರಾಮವಾಗಿ ಕುಳಿತ ನಾವಿಕರು, ಥಟ್ಟನೆ ನೀರಿನಲ್ಲೊಂದು ಕಣ್ಣು ಕೋರೈಸುವ ಬೆಳಕು. ಆ ದಿನಗಳ ಜಪಾನೀ ಪ್ರೇಕ್ಷಕನಿಗೆ ಇದರ ವ್ಯಾಖ್ಯಾನವನ್ನು ಯಾರೂ ಮಾಡಬೇಕಾಗಿರಲಿಲ್ಲ.

ನಿರ್ದೇಶಕ ಇಷಿರೊ ಹೋಂಡಾ ಯುದ್ಧದಲ್ಲಿ ಸಿಪಾಯಿಯಾಗಿದ್ದವರು. ಚೀನದಿಂದ ಮರಳುವಾಗ ಹಿರೋಷಿಮಾದ ಬಯಲನ್ನು ಹಾದುಬಂದವರು. ಪ್ರಾಣಿಯ ಚಮತ್ಕಾರವನ್ನು ವಹಿಸಿಕೊಂಡವರು ಐಜಿ ತ್ಸುಬುರಾಯಾ. ಗೊಂಬೆಯನ್ನು ಚೂರುಚೂರೇ ಸರಿಸಿ ಚಿತ್ರಿಸಲು ಕಾಲಾವಕಾಶವಿರಲಿಲ್ಲ. ಆದ್ದರಿಂದ ಹರುವೊ ನಕಾಜಿಮಾ ಎಂಬ ನಟ ವೇಷದೊಳಗೆ ಹೊಕ್ಕರು. ಮೊದಲು ಸಿದ್ಧವಾದ ವೇಷದ ತೂಕ ಸುಮಾರು 100 ಕಿಲೋಗ್ರಾಂ. ದೀಪಗಳ ಕಾವಿನಲ್ಲಿ, ಒಳಗೆ ಬೆವರು ಸುರಿಯುತ್ತಿರಲು, ಆನೆ ಕರಡಿಗಳ ನಡಿಗೆಯನ್ನು ಮೃಗಾಲಯದಲ್ಲಿ ನೋಡಿ ಕಲಿತಂತೆ ಹೆಜ್ಜೆ ಇಡಬೇಕು! (ನಮ್ಮ ಯಕ್ಷಗಾನದ ಬಣ್ಣದ ವೇಷಧಾರಿಗಳಿಗೆ ಈ ಕಷ್ಟದ ಅರಿವು ಚೆನ್ನಾಗಿ ಉಂಟು.) ಅದರ ಗರ್ಜನೆಯನ್ನು ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಯಾವ ಮೃಗದಿಂದಲೂ ಪಡೆಯಲಿಲ್ಲ, ಮಂದ್ರಸ್ವರದ ದೊಡ್ಡ ತಂತೀವಾದ್ಯವೊಂದರ ತಂತಿಯನ್ನು ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಉಜ್ಜಿ ಹುಟ್ಟಿಸಿದರು.

ಇವೆಲ್ಲ ಶುದ್ಧ ಮನರಂಜನೆಯ ಕಸುಬು. ಆದರೆ ಗೊಜಿರಾ ತೋಕಿಯೊವನ್ನು ಸುಟ್ಟು ಕಡಲಿಗೆ ಮರಳಿದ ಮೇಲೆ ಕ್ಯಾಮೆರಾ ಅದರ ಬೆನ್ನು ಹತ್ತಿ ಹೋಗುವುದಿಲ್ಲ. ಆಸ್ಪತ್ರೆಗೆ ಹೋಗುತ್ತದೆ. ನೆಲದ ಮೇಲೆ ಸಾಲಾಗಿ ಗಾಯಾಳುಗಳು. ಒಂದು ಪುಟ್ಟ ಮಗುವಿನ ಬಳಿ ವಿಕಿರಣವನ್ನು ಅಳೆಯುವ ಯಂತ್ರ ಹಿಡಿದ ತಜ್ಞರು ಮಾತಿಲ್ಲದೆ ತಲೆಯಾಡಿಸುತ್ತಾರೆ. ಮೃಗವನ್ನು ಕೊಲ್ಲಬಲ್ಲ ಅಸ್ತ್ರವನ್ನು ಕಂಡುಹಿಡಿದ ಡಾಕ್ಟರ್ ಸೆರಿಜಾವಾ ಅದನ್ನು ಬಳಸಲು ಹಿಂಜರಿಯುತ್ತಾನೆ. ಇಂದು ಮೃಗದ ಮೇಲೆ ಬಿದ್ದದ್ದು ನಾಳೆ ಮನುಷ್ಯರ ಮೇಲೆ ಬೀಳದೆಂದು ಯಾವ ಭರವಸೆ? ಕಡೆಗೆ ತನ್ನ ಬರಹಗಳನ್ನೆಲ್ಲ ಸುಟ್ಟು, ಗುಟ್ಟು ತನ್ನೊಡನೆಯೇ ಅಳಿಯಲೆಂದು ಮೃಗದ ಜೊತೆಗೆ ತಾನೂ ಕಡಲತಳದಲ್ಲಿ ಉಳಿದುಬಿಡುತ್ತಾನೆ.

1956ರಲ್ಲಿ ಅಮೆರಿಕದ ವಿತರಕರು ಈ ಚಿತ್ರವನ್ನು ತಮ್ಮ ಪ್ರೇಕ್ಷಕರಿಗಾಗಿ ತಿದ್ದಿದರು. ರೇಮಂಡ್ ಬರ್ ಎಂಬ ನಟನನ್ನು ಅಮೆರಿಕನ್ ಪತ್ರಕರ್ತನನ್ನಾಗಿಸಿ ಹೊಸ ದೃಶ್ಯಗಳನ್ನು ಹೆಣೆದರು. 96 ನಿಮಿಷಗಳ ಚಿತ್ರ 80 ನಿಮಿಷಗಳಿಗೆ ಇಳಿಯಿತು. ರೈಲಿನಲ್ಲಿ ಹೆಣ್ಣುಮಗಳೊಬ್ಬಳು ನಾಗಾಸಾಕಿಯಿಂದ ಬದುಕಿ ಬಂದದ್ದನ್ನು ಹೇಳುವ ಮಾತು ಮಾಯವಾಯಿತು. ಬಾಂಬಿನ ಹೆಸರು ಪೂರ್ತಿ ಅಳಿಸಿಹೋಗಲಿಲ್ಲವಾದರೂ ಅದರ ಮೊನೆ ಮುರಿಯಿತು. ಮೂಲದ ಕೊನೆಯಲ್ಲಿ ವೃದ್ಧ ವಿಜ್ಞಾನಿ ಯಮಾನೆ, ಬಾಂಬಿನ ಪರೀಕ್ಷೆಗಳು ಹೀಗೆಯೇ ಮುಂದುವರಿದರೆ ಇನ್ನೊಂದು ಗೊಜಿರಾ ಬರಬಹುದೆಂದು ನಿಟ್ಟುಸಿರಿಡುತ್ತಾನೆ. ಅಮೆರಿಕದ ಪ್ರತಿಯಲ್ಲಿ ಪತ್ರಕರ್ತ, ಪೀಡೆ ತೊಲಗಿತು, ಲೋಕ ಇನ್ನು ನೆಮ್ಮದಿಯಾಗಿ ಬಾಳಬಹುದೆಂದು ಸಮಾಧಾನ ಹೇಳಿ ಮುಗಿಸುತ್ತಾನೆ. ಮೂಲ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ತೆರೆಕಂಡದ್ದು 2004ರಲ್ಲಿ, ಅರ್ಧ ಶತಮಾನದ ತರುವಾಯ.

ಕತ್ತರಿಸಿದ ಪ್ರತಿ ಸೋಲಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅದೂ ಓಡಿತು, ಹಣವನ್ನೂ ತಂದಿತು. ಹಾಗಾದರೆ ಹೋದದ್ದೇನು? ನನ್ನ ಮಟ್ಟಿಗೆ ಹೇಳುವುದಾದರೆ, ಹೋದದ್ದು ಉಪದೇಶವಲ್ಲ, ಭಯ. ಎರಡು ಪ್ರತಿಗಳನ್ನೂ ಒಂದರ ಹಿಂದೊಂದು ನೋಡಿದವರಿಗೆ ಇದು ತಿಳಿಯುತ್ತದೆ. ಪೀಡೆ ತೊಲಗಿತೆಂದು ಬೆನ್ನು ತಟ್ಟಿ ಕಳಿಸಿದ ಗುಮ್ಮ ಮನೆಯ ಬಾಗಿಲವರೆಗೂ ಹಿಂಬಾಲಿಸುವುದಿಲ್ಲ. ಅರ್ಥವನ್ನು ತೆಗೆದವರು ಮನರಂಜನೆಯಿಂದಲೇ ಒಂದು ಪಾಲನ್ನು ಕಿತ್ತುಕೊಂಡಿದ್ದರು.

ಹಾಗೆಂದು ಪ್ರತಿಯೊಂದು ಚಿತ್ರವೂ ಮುಖ ಗಂಟಿಕ್ಕಿಕೊಂಡಿರಬೇಕೆಂದು ನಾನು ಹೇಳಲಾರೆ. ಅದೇ ಹೋಂಡಾ 1962ರಲ್ಲಿ ಗಾಡ್ಜಿಲ್ಲಾನಿಗೂ ಕಿಂಗ್ ಕಾಂಗ್‌ಗೂ ಕಾಳಗ ಹೂಡಿ ನಗಿಸಿದರು. ಈ ಸರಣಿಯಲ್ಲಿ ಜಪಾನಿನಲ್ಲಿ ಅತಿ ಹೆಚ್ಚು ಟಿಕೆಟ್ಟು ಮಾರಿದ ಚಿತ್ರವೇ ಅದು. ಜಾಹೀರಾತಿಗಾಗಿ ದೈತ್ಯ ವಾನರನನ್ನೇ ಹಿಡಿದು ತರಹೊರಟ ಔಷಧ ವ್ಯಾಪಾರಿ ಅಲ್ಲಿನ ವಿದೂಷಕ. 1965ರ ಚಿತ್ರದಲ್ಲಂತೂ ಗಾಡ್ಜಿಲ್ಲಾ ಬೇರೊಂದು ಗೋಳದ ಮೇಲೆ ಕುಣಿದು ಕುಪ್ಪಳಿಸುತ್ತದೆ. ಮಕ್ಕಳು ನಕ್ಕರೆ ಯಾರ ಗಂಟು ಹೋಯಿತು? ಕುಣಿತಕ್ಕೆ ಕುಣಿತದ ಸೊಗಸಿದೆ. ಆದರೆ ಊರು ಸುಡುವುದನ್ನು ತೋರಿಸಹೊರಟವನು ಆ ಊರಿನಲ್ಲಿ ಜನರಿದ್ದರೆಂಬುದನ್ನು ಮರೆತರೆ ಬೆಂಕಿಯೂ ಬಣ್ಣದ ಕಾಗದವಾಗುತ್ತದೆ. ಇಂದಿನ ಎಷ್ಟೋ ಭಾರಿ ಚಿತ್ರಗಳಲ್ಲಿ ನಗರಗಳೇ ಉರುಳುತ್ತವೆ, ಒಬ್ಬನೂ ಸತ್ತಂತೆ ತೋರುವುದಿಲ್ಲ.

2023ರಲ್ಲಿ ತಕಾಶಿ ಯಮಜಾಕಿ ಕಥೆಯನ್ನು ಯುದ್ಧಾನಂತರದ ಜಪಾನಿಗೆ ಮರಳಿ ಒಯ್ದು, ಆತ್ಮಾಹುತಿಗೆ ನೇಮಿತನಾಗಿ ಬದುಕುಳಿದ ವಿಮಾನಚಾಲಕನೊಬ್ಬನನ್ನು ಗಾಡ್ಜಿಲ್ಲಾನ ಎದುರಿಗೆ ನಿಲ್ಲಿಸಿದರು. ಚಮತ್ಕಾರದ ಕೆಲಸ ಮಾಡಿದವರು ಸುಮಾರು 35 ಮಂದಿ. 2024ರಲ್ಲಿ ದೃಶ್ಯಚಮತ್ಕಾರದ ಆಸ್ಕರ್ ಪ್ರಶಸ್ತಿ ಅವರ ಪಾಲಾಯಿತು. ಪ್ರೇಕ್ಷಕರು ಕುರ್ಚಿಯ ಅಂಚಿನಲ್ಲಿ ಕುಳಿತದ್ದು ಮೃಗ ಬಂದಾಗ ಮಾತ್ರವಲ್ಲ. ಆ ಚಾಲಕ ಬದುಕಲು ಒಪ್ಪುವನೋ ಇಲ್ಲವೋ ಎಂದೂ.

ಅಂದು ಬೂದಿ ಸುರಿದ ಆ ದೋಣಿ ಬಳಿಕ ಬೇರೆ ಹೆಸರಿನಲ್ಲಿ ತರಬೇತಿಯ ಹಡಗಾಗಿ ದುಡಿದು, 1967ರಲ್ಲಿ ಗುಜರಿಗೆ ಬಿತ್ತು. ಜನರ ಒತ್ತಾಯದಿಂದ ಅದನ್ನು ಉಳಿಸಿಕೊಂಡು, 1976ರಲ್ಲಿ ತೋಕಿಯೊದ ಯುಮೆನೊಶಿಮಾದಲ್ಲಿ ಅದಕ್ಕೆಂದೇ ಪ್ರದರ್ಶನ ಮಂದಿರವೊಂದನ್ನು ತೆರೆದರು. ಮರದ ಆ ದೋಣಿ ಇಂದಿಗೂ ಅಲ್ಲಿಯೇ ಇದೆ, ಬೆಳ್ಳಿತೆರೆಯ ಗೊಜಿರಾ ದಡ ಹತ್ತಿ ಬಂದ ಅದೇ ಕೊಲ್ಲಿಯ ಅಂಚಿನಲ್ಲಿ.