ಮೀನೂಟಕ್ಕೆ ಹೊರಟವನ ಶಾಖದ ಲೆಕ್ಕ

ಡಿಸೆಂಬರಿನ ಮುಂಜಾನೆ ಚಿಕ್ಕಮಗಳೂರಿನ ಬಚ್ಚಲುಮನೆಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ತಲೆಕೆಳಗು ಹಿಡಿದರೂ ಒಂದು ಹನಿ ಬೀಳುವುದಿಲ್ಲ. ಅದೇ ದಿನ ಹೊತ್ತೇರುವ ಸಮಯಕ್ಕೆ ಮಂಗಳೂರಿನಲ್ಲಿ ಅದೇ ಎಣ್ಣೆ ಸಲೀಸಾಗಿ ಹರಿಯುತ್ತದೆ. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಈ ಎರಡು ಊರುಗಳು ಆ ಗೆರೆಯ ಆಚೆಗೊಂದು, ಈಚೆಗೊಂದು ಇವೆ. ನಡುವೆ ಚಾರ್ಮಾಡಿ ಘಾಟಿಯ ಮೂಲಕ ಸುಮಾರು 150 ಕಿಲೋಮೀಟರ್ ದಾರಿ, ಒಂದು ಸಾವಿರ ಮೀಟರಿಗೂ ಹೆಚ್ಚಿನ ಇಳಿತ. ಚಳಿಗಾಲದಲ್ಲಿ ಬೆಳಕು ಹರಿಯುವಾಗ ಬೈಕ್ ಹತ್ತಿ, ಒಬ್ಬನೇ, ಬಂದರಿನ ಹತ್ತಿರದ ನನ್ನ ಮೆಚ್ಚಿನ ಹೋಟೆಲಿನ ಮೀನೂಟಕ್ಕೆಂದೇ ಈ ದಾರಿ ಇಳಿಯುವುದು ನನಗೆ ಬಹಳ ಇಷ್ಟ.

ದಾರಿಯುದ್ದಕ್ಕೂ ನಡೆಯುವುದು ಒಂದೇ ವ್ಯವಹಾರ: ಶಾಖ ಬಿಸಿಯಿಂದ ತಂಪಿನ ಕಡೆಗೆ ಹರಿಯುತ್ತದೆ. ಸವಾರ ಅದನ್ನು ಆದಷ್ಟು ತಡೆಯಬೇಕು. ದಾರಿಯ ಆ ತುದಿಯಲ್ಲಿ, ಮೀನುಗಾರಿಕಾ ದಕ್ಕೆಯಲ್ಲಿ, ಅದೇ ಶಾಖವನ್ನು ಮೀನಿನಿಂದ ಆದಷ್ಟು ಬೇಗ ಹೊರಗೆಳೆಯಬೇಕು. ಎರಡೂ ಸರಿಯಾಗಿ ನಡೆದರೆ ಊಟ ಗೆದ್ದಂತೆ.

ಮೊದಲು ಸವಾರನ ಪಾಡು ನೋಡೋಣ. ಗಾಳಿ ನಿಂತಿರುವಾಗ 10 ಡಿಗ್ರಿ ಅಷ್ಟೇನೂ ದೊಡ್ಡ ಚಳಿಯಲ್ಲ. ಚರ್ಮಕ್ಕೆ ಅಂಟಿಕೊಂಡೇ ಕೆಲವು ಮಿಲಿಮೀಟರ್ ದಪ್ಪದ ಬೆಚ್ಚನೆಯ ಗಾಳಿಯ ಪದರವೊಂದು ಇರುತ್ತದೆ; ಅದನ್ನು ಕಾಯಿಸಿದ್ದು ನಮ್ಮ ದೇಹವೇ. ಬೈಕ್ ಓಡತೊಡಗಿದ ಕೂಡಲೇ ಆ ಪದರ ಕಿತ್ತುಹೋಗುತ್ತದೆ. ದೇಹ ಮತ್ತೆ ಕಾಯಿಸುತ್ತದೆ, ಗಾಳಿ ಮತ್ತೆ ಒಯ್ಯುತ್ತದೆ. ಈ ನಷ್ಟವನ್ನು ಮೊದಲು ಅಳೆದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. 1940ರ ದಶಕದ ಆರಂಭದಲ್ಲಿ ಅಂಟಾರ್ಕ್ಟಿಕದಲ್ಲಿ ಅವರು ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ ಗಾಳಿಗೆ ತೂಗುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿದರು. ಅಲ್ಲಿಂದ ಹುಟ್ಟಿದ್ದು ಗಾಳಿಚಳಿಯ ಸೂಚ್ಯಂಕ. ಅಮೆರಿಕ ಮತ್ತು ಕೆನಡಾ 2001ರಲ್ಲಿ ಅದನ್ನು ಮನುಷ್ಯರ ಮುಖದ ಮೇಲಿನ ಪ್ರಯೋಗಗಳ ಆಧಾರದಲ್ಲಿ ತಿದ್ದಿದವು.

ಮಲೆನಾಡಿನ ಗಟ್ಟಿ ಚಳಿಯ ಬೆಳಗನ್ನು 10 ಡಿಗ್ರಿ ಎಂದಿಟ್ಟುಕೊಂಡು ಆ ಹೊಸ ಸೂತ್ರಕ್ಕೆ ಹಾಕಿದರೆ ಕುತೂಹಲದ ಸಂಗತಿ ಹೊರಬೀಳುತ್ತದೆ. ಗಾಳಿಯ ವೇಗ ಗಂಟೆಗೆ 40 ಕಿಲೋಮೀಟರ್ ಇದ್ದರೆ ತೆರೆದ ಚರ್ಮಕ್ಕೆ 6 ಡಿಗ್ರಿಯಂತೆ ಅನಿಸುತ್ತದೆ. 60ಕ್ಕೆ 5 ಡಿಗ್ರಿ. 80ಕ್ಕೆ ಸುಮಾರು ನಾಲ್ಕೂವರೆ. ಹೆಚ್ಚಿನ ಪೆಟ್ಟು ಬೀಳುವುದು ನಿಂತಲ್ಲಿಂದ 40ಕ್ಕೆ ಹೋಗುವಾಗಲೇ, ಆಮೇಲಿನದು ಚಿಲ್ಲರೆ. ಹಾಗಾಗಿ ಚಳಿ ಎಂದು 80ರಿಂದ 60ಕ್ಕೆ ಇಳಿಸಿದರೆ ಸುರಕ್ಷತೆಗೆ ಒಳ್ಳೆಯದು, ಚಳಿಗೆ ಅಷ್ಟೇನೂ ಲಾಭವಿಲ್ಲ. ಬೇಕಾದದ್ದು ಗಾಳಿಯನ್ನೇ ತಡೆಯುವ ಒಂದು ಪದರ. ಹಳೆಯ ಕಾಲದ ಸವಾರರು ಅಂಗಿಗೂ ಜರ್ಕಿನ್‌ಗೂ ನಡುವೆ ದಿನಪತ್ರಿಕೆ ಮಡಚಿಟ್ಟುಕೊಳ್ಳುತ್ತಿದ್ದರಲ್ಲ, ಅದು ಪಕ್ಕಾ ವಿಜ್ಞಾನ. ಕಾಗದ ಗಾಳಿಯನ್ನು ಒಳಬಿಡುವುದಿಲ್ಲ, ಮಡಿಕೆಗಳ ನಡುವಿನ ಗಾಳಿಯನ್ನು ಹೊರಬಿಡುವುದಿಲ್ಲ. ದಪ್ಪ ಉಣ್ಣೆಯ ಸ್ವೆಟರ್ ಒಂದನ್ನೇ ನಂಬಿದರೆ ಗಾಳಿ ಅದರ ಕಣ್ಣುಗಳಲ್ಲಿ ನುಗ್ಗಿ ಬೆಚ್ಚಗಿನ ಗಾಳಿಯನ್ನು ದೋಚಿಕೊಂಡು ಹೋಗುತ್ತದೆ.

ಒಂದು ಮಾತು ಸ್ಪಷ್ಟವಿರಲಿ. ಗಾಳಿ ಎಷ್ಟೇ ಬೀಸಿದರೂ ಯಾವ ವಸ್ತುವನ್ನೂ ಸುತ್ತಲಿನ ಉಷ್ಣತೆಗಿಂತ ಕೆಳಕ್ಕೆ ಇಳಿಸಲಾರದು. ಒದ್ದೆಯಿದ್ದು ನೀರು ಆವಿಯಾಗುತ್ತಿದ್ದರೆ ಮಾತ್ರ ಬೇರೆ ಮಾತು. ಬೈಕಿನ ಪೆಟ್ರೋಲ್ ಟ್ಯಾಂಕಿಗೆ 10 ಡಿಗ್ರಿ ಎಂದರೆ 10 ಡಿಗ್ರಿಯೇ. ಗಾಳಿಚಳಿ ಬಾಧಿಸುವುದು ಒಳಗೆ ಸದಾ ಶಾಖ ಹುಟ್ಟಿಸಿಕೊಳ್ಳುವ ಜೀವಿಗಳನ್ನು.

ಕಾರಿನಲ್ಲಿ ಕೂತವರಿಗೆ ಎಂದೂ ತಿಳಿಯದ ಒಂದು ಸಂಗತಿ ಮೂಡಿಗೆರೆಯ ದಾರಿಯಲ್ಲಿ ಬೈಕ್ ಸವಾರನಿಗೆ ತಿಳಿಯುತ್ತದೆ. ಕಾಫಿ ತೋಟಗಳ ನಡುವೆ ಏರಿನಲ್ಲಿ ಹೋಗುವಾಗ ಹಿತವಾಗಿದ್ದ ಗಾಳಿ, ರಸ್ತೆ ಗದ್ದೆಬಯಲಿಗೋ ಹಳ್ಳದ ಸೇತುವೆಗೋ ಇಳಿದ ಕೂಡಲೇ ಮುಖಕ್ಕೆ ಚುಚ್ಚುತ್ತದೆ. ಮತ್ತೆ ಏರು ಹತ್ತಿದರೆ ಬೆಚ್ಚಗಾಗುತ್ತದೆ. ಎತ್ತರ ಹೆಚ್ಚಿದಷ್ಟೂ ಚಳಿ ಎಂದು ಶಾಲೆಯಲ್ಲಿ ಕಲಿತದ್ದಕ್ಕೆ ಇದು ಪೂರ್ತಿ ತಿರುವುಮುರುವು. ಕಾರಣ ಇಷ್ಟು: ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಸಾಂದ್ರ, ಭಾರ. ಅದು ಇಳಿಜಾರು ಹಿಡಿದು ಮೆಲ್ಲಗೆ ಹರಿದು ತಗ್ಗುಗಳಲ್ಲಿ ಮಡುಗಟ್ಟುತ್ತದೆ. ಅಲ್ಲೇ ತೇವವೂ ಇದ್ದರೆ ಮಂಜು ಕವಿಯುತ್ತದೆ. ನಸುಕಿನಲ್ಲಿ ಆ ಮಡುಗಳನ್ನು ಒಂದೊಂದಾಗಿ ದಾಟುತ್ತಾ ಹೋಗುವಾಗ ನೆಲದ ಏರಿಳಿತವನ್ನೆಲ್ಲ ಕೆನ್ನೆಯ ಚರ್ಮವೇ ಓದಿ ಹೇಳುತ್ತದೆ. ಭೂಗೋಳದ ಇಂಥ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕೆನ್ನೆಗಿಂತ ಮುಖ್ಯವಾದದ್ದು ಬೆರಳು. ಚಳಿ ಹೆಚ್ಚಾದಾಗ ದೇಹ ಹೃದಯ, ಮಿದುಳುಗಳನ್ನು ಉಳಿಸಿಕೊಳ್ಳಲು ಕೈಕಾಲುಗಳ ರಕ್ತನಾಳಗಳನ್ನು ಬಿಗಿಯುತ್ತದೆ. ಬೆರಳಿಗೆ ಬಿಸಿ ರಕ್ತ ಬರುವುದು ನಿಲ್ಲುತ್ತಾ ಬಂದಂತೆ ನರಗಳ ಸಂದೇಶ ನಿಧಾನವಾಗುತ್ತದೆ, ಕೀಲುಗಳು ಬಿರುಸಾಗುತ್ತವೆ. ಬೆರಳಿನ ಚರ್ಮ 15 ಡಿಗ್ರಿಗಿಂತ ಕೆಳಗಿಳಿದರೆ ಸೂಕ್ಷ್ಮ ಕೆಲಸದ ಕೌಶಲ ಕುಸಿಯುತ್ತದೆ. ಬ್ರಿಟನ್ನಿನ ವೈದ್ಯವಿಜ್ಞಾನಿ ಥಾಮಸ್ ಲೂಯಿಸ್ 1930ರಲ್ಲಿ ಒಂದು ವಿಚಿತ್ರ ಕಂಡರು: ಬೆರಳನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟರೆ ಕೆಲವು ನಿಮಿಷಗಳ ಬಳಿಕ ಬಿಗಿದ ನಾಳಗಳು ತಾವಾಗಿ ತೆರೆದು ಬೆರಳು ಬೆಚ್ಚಗಾಗುತ್ತದೆ, ಮತ್ತೆ ಬಿಗಿಯುತ್ತವೆ, ಮತ್ತೆ ತೆರೆಯುತ್ತವೆ. ಬೆರಳುಗಳನ್ನು ಪೂರ್ತಿ ಕೈಬಿಡದಿರಲು ದೇಹ ಮಾಡಿಕೊಂಡ ಏರ್ಪಾಡು ಇದು. ಆದರೆ ಇಡೀ ದೇಹವೇ ತಣ್ಣಗಾಗಿದ್ದರೆ ಈ ಕರುಣೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಕೈಗೆ ಚಳಿ ಹತ್ತಿದರೆ ಎದೆಗೆ ಇನ್ನೊಂದು ಪದರ ಹಾಕಿ ಎನ್ನುವುದು ಇದಕ್ಕೇ.

ಒಂಟಿ ಸವಾರಿಯ ನಿಜವಾದ ಅಪಾಯ ಇಲ್ಲಿದೆ. ದೇಹದ ಒಳಗಿನ ಉಷ್ಣತೆ ಇಳಿಯತೊಡಗಿದಾಗ ಮಾತು ತೊದಲುತ್ತದೆ, ತೀರ್ಮಾನಗಳು ಮಂದವಾಗುತ್ತವೆ. ಹಿಂದೆ ಒಬ್ಬರು ಕೂತಿದ್ದರೆ ಅವರು ಗುರುತಿಸುತ್ತಾರೆ; ಒಬ್ಬನೇ ಇರುವವನಿಗೆ ಗುರುತಿಸಬೇಕಾದ ಮಿದುಳೇ ಮಂಕಾಗಿರುತ್ತದೆ. ಬೈಕ್ ನಿಲ್ಲಿಸಿದಾಗಲೆಲ್ಲ ಹೆಬ್ಬೆರಳಿನಿಂದ ಕಿರುಬೆರಳನ್ನು ಮುಟ್ಟಿ ನೋಡಿ. ತಡವರಿಸಿದರೆ ಮುಂದೆ ಹೋಗಬೇಡಿ, ಬೆಚ್ಚಗಾಗಿ.

ಬೈಕಿಗೂ ಚಳಿಯ ಲೆಕ್ಕವಿದೆ. 30 ಡಿಗ್ರಿಯ ಮಧ್ಯಾಹ್ನ 28 ಪಿಎಸ್‌ಐ ಗಾಳಿ ತುಂಬಿಸಿದ ಟೈರಿನಲ್ಲಿ 10 ಡಿಗ್ರಿಯ ಮುಂಜಾನೆ ಉಳಿಯುವುದು ಸುಮಾರು 25. ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ನೋಡಿಕೊಳ್ಳಬೇಕು. ತಣ್ಣನೆಯ ಗಾಳಿ ಶೇಕಡ 7ರಷ್ಟು ಹೆಚ್ಚು ಸಾಂದ್ರವಾಗಿರುವುದರಿಂದ ಎಂಜಿನ್ನಿಗೆ ಆಮ್ಲಜನಕ ಸ್ವಲ್ಪ ಹೆಚ್ಚು ಸಿಗುತ್ತದೆ, ಎದುರುಗಾಳಿಯ ಒತ್ತಡವೂ ಅಷ್ಟೇ ಹೆಚ್ಚುತ್ತದೆ.

ಘಾಟಿ ಇಳಿಯುವ ಮುನ್ನ ಕೊಟ್ಟಿಗೆಹಾರದಲ್ಲಿ ನಿಲ್ಲಲೇಬೇಕು. ನೀರುದೋಸೆ ಒಂದು ಕಾರಣ. ಇನ್ನೊಂದು, ಚಳಿಯಲ್ಲಿ ಎಲ್ಲರಿಗೂ ಒದಗುವ ಮೂತ್ರದ ಅವಸರ: ಕೈಕಾಲಿನ ರಕ್ತವೆಲ್ಲ ಒಳಕ್ಕೆ ಸರಿದಾಗ ದೇಹಕ್ಕೆ ದ್ರವ ಹೆಚ್ಚಾಗಿದೆಯೆಂಬ ಭಾವನೆ ಬಂದು ಮೂತ್ರಪಿಂಡಗಳು ಅದನ್ನು ಹೊರಹಾಕತೊಡಗುತ್ತವೆ. ಬಾಯಾರಿಕೆ ಅನಿಸದಿದ್ದರೂ ನೀರು ಕುಡಿಯಬೇಕು. ಪೂರ್ಣಚಂದ್ರ ತೇಜಸ್ವಿಯವರು ಸ್ಕೂಟರ್ ಓಡಿಸಿದ, ಗಾಳ ಹಿಡಿದು ಹೊಳೆಬದಿ ಕೂತ ಸೀಮೆ ಇದು. ಮೀನಿನ ಹುಚ್ಚನ್ನೂ ವಿಜ್ಞಾನದ ಕುತೂಹಲವನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದೆಂದು ನಮಗೆ ತೋರಿಸಿದವರು ಅವರು.

ಘಾಟಿಯ ನೆತ್ತಿಯಲ್ಲಿ ಮಂಜು ದಟ್ಟವಾಗಿದ್ದರೆ ಕಾಯುವುದು ಜಾಣತನ. ಕಣ್ಣಿಗೆ ದಾರಿ ಕಾಣದು ಎನ್ನುವುದರ ಜೊತೆಗೆ ಬಟ್ಟೆ ಒದ್ದೆಯಾಗುತ್ತದೆ, ಮತ್ತು ನೀರು ಗಾಳಿಗಿಂತ ಸುಮಾರು 24 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಬಿಸಿಲೇರಿದ ಮೇಲೆ ಇಳಿದರೆ ತಿರುವು ತಿರುವಿಗೂ ಗಾಳಿ ಬದಲಾಗುವುದು ಗೊತ್ತಾಗುತ್ತದೆ. ಒಣ ಗಾಳಿ ಕಿಲೋಮೀಟರ್ ಕೆಳಗಿಳಿದರೆ ಒತ್ತಡಕ್ಕೆ ಸಿಕ್ಕಿ 10 ಡಿಗ್ರಿಯಷ್ಟು ಬಿಸಿಯಾಗುತ್ತದೆ, ತೇವದ ಗಾಳಿ ಅದಕ್ಕಿಂತ ಕಡಿಮೆ. ಉಜಿರೆ ತಲುಪುವಷ್ಟರಲ್ಲಿ ಜರ್ಕಿನ್ನಿನ ಜಿಪ್ ತಾನಾಗಿ ಕೆಳಗಿಳಿದಿರುತ್ತದೆ.

ಈಗ ಮೀನಿನ ಕಡೆಗೆ ಬರೋಣ. ಮೀನು ಘಟ್ಟ ಹತ್ತಿ ನಮ್ಮೂರಿಗೂ ಬರುತ್ತದೆ. ಆದರೂ ನಾನೇ ಇಳಿದು ಹೋಗುವುದೇಕೆಂದರೆ, ಮೀನಿಗೆ ದೂರ ಎಂದರೆ ಶಾಖ. ಬಂಗುಡೆ, ಬೂತಾಯಿಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳ. ಮೀನು ಬೆಚ್ಚಗಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಅದು ಮಿತಿ ಮೀರಿದರೆ ಮುಖ ಕೆಂಪೇರಿ, ತಲೆನೋವು, ದದ್ದು ಬರುತ್ತವೆ. ಎಷ್ಟು ಕುದಿಸಿದರೂ, ಹುರಿದರೂ ಆ ಹಿಸ್ಟಮಿನ್ ಹೋಗುವುದಿಲ್ಲ. ತಡೆಯುವ ದಾರಿ ಒಂದೇ, ಬಲೆಯಿಂದ ಬಂದ ಕೂಡಲೇ ತಣ್ಣಗಾಗಿಸುವುದು.

ದಕ್ಕೆಯಲ್ಲಿ ಬುಟ್ಟಿಬುಟ್ಟಿ ಮಂಜುಗಡ್ಡೆಯ ಚೂರು ಸುರಿಯುವುದನ್ನು ನೋಡಿದವರಿಗೆ ಅದು ದುಂದು ಎನಿಸಬಹುದು. ಲೆಕ್ಕ ಬೇರೆಯೇ ಇದೆ. ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಶಾಖ ಬೇಕು, ಅಷ್ಟನ್ನೂ ಅದು ಮೀನಿನಿಂದ ಹೀರುತ್ತದೆ. 28 ಡಿಗ್ರಿಯ ಮೂರು ಕಿಲೋ ಮೀನನ್ನು ಸೊನ್ನೆಯ ಹತ್ತಿರಕ್ಕೆ ತರಲು ಕಾಗದದ ಮೇಲೆ ಒಂದು ಕಿಲೋ ಸಾಕು. ಆದರೆ ಕರಾವಳಿಯ ಸೆಖೆ ಪೆಟ್ಟಿಗೆಯ ಗೋಡೆಗಳಿಂದ ಒಳನುಗ್ಗುತ್ತಲೇ ಇರುತ್ತದೆ. ಅದಕ್ಕೇ ಉಷ್ಣವಲಯದಲ್ಲಿ ಮೀನಿನಷ್ಟೇ ತೂಕದ ಮಂಜುಗಡ್ಡೆ ಬೇಕೆನ್ನುತ್ತಾರೆ. ಚೂರಾದ ಗಡ್ಡೆ ಮೀನಿನ ಮೈಯನ್ನು ಎಲ್ಲ ಕಡೆಯಿಂದ ಮುಟ್ಟುತ್ತದೆ, ಕರಗಿದ ನೀರು ಉಳಿದ ಸಂದುಗಳನ್ನು ತುಂಬುತ್ತದೆ. ನನ್ನ ಜರ್ಕಿನ್ ಮಾಡುವ ಕೆಲಸದ ನೇರ ವಿರುದ್ಧ ಇದು.

ಮಳೆಗಾಲ ಮುಗಿದ ನಂತರದ ಬೂತಾಯಿಗೆ ರುಚಿ ಹೆಚ್ಚು ಎನ್ನುವ ಕರಾವಳಿಯ ಮಾತಿಗೆ ಸಮುದ್ರದೊಳಗೆ ಕಾರಣವಿದೆ. ಮುಂಗಾರಿನ ದಿನಗಳಲ್ಲಿ ದಡದ ಮೇಲ್ಮೈ ನೀರು ಆಚೆಗೆ ಸರಿದು ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಸೂಕ್ಷ್ಮ ಪಾಚಿಗಳು ಹುಲುಸಾಗಿ ಬೆಳೆಯುತ್ತವೆ. ಯಾಂತ್ರಿಕ ದೋಣಿಗಳಿಗೆ ಜೂನ್, ಜುಲೈ ತಿಂಗಳು ನಿಷೇಧವಿರುವುದರಿಂದ ಮೀನಿಗೂ ಬಿಡುವು. ಪಾಚಿ ತಿಂದು ಕೊಬ್ಬಿದ ಬೂತಾಯಿಯ ಎಣ್ಣೆ ಕೊಬ್ಬರಿ ಎಣ್ಣೆಯಷ್ಟು ಸುಲಭವಾಗಿ ಚಳಿಗೆ ಗಟ್ಟಿಯಾಗದು. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳು ನೇರ ಸರಪಳಿಗಳು, ಒತ್ತೊತ್ತಾಗಿ ಜೋಡಿಸಿಕೊಂಡು ಬೇಗ ಹೆಪ್ಪುಗಟ್ಟುತ್ತವೆ. ಮೀನೆಣ್ಣೆಯ ಒಮೆಗಾ-3 ಸರಪಳಿಗಳು ಹಲವು ಕಡೆ ಬಾಗಿರುತ್ತವೆ, ಹತ್ತಿರ ಕೂರಲಾರವು. ಅವುಗಳಲ್ಲಿ ಇಪಿಎ ಎಂಬುದು ಗಟ್ಟಿಯಾಗಲು ಸುಮಾರು ಮೈನಸ್ 54 ಡಿಗ್ರಿ ಬೇಕು.

ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಪಕ್ಕದಲ್ಲಿ ಕಾಣೆಯ ರವಾ ಫ್ರೈ. ಮೀನಿನ ವಾಸನೆಗೆ ಮುಖ್ಯ ಕಾರಣ ಟ್ರೈಮಿಥೈಲಮೈನ್, ಅದು ಕ್ಷಾರ ಗುಣದ್ದು. ಹುಣಸೆ, ಪುನರ್ಪುಳಿಯ ಹುಳಿ ಅದನ್ನು ಲವಣವಾಗಿಸಿ ಗಾಳಿಗೆ ಹಾರದಂತೆ ಹಿಡಿದಿಡುತ್ತದೆ. ಇನ್ನು ಖಾರ. ಮೆಣಸಿನ ಕ್ಯಾಪ್ಸೈಸಿನ್ ಹೋಗಿ ಕೂರುವುದು 43 ಡಿಗ್ರಿಗೂ ಹೆಚ್ಚಿನ ಬಿಸಿಯನ್ನು ಗುರುತಿಸುವ ನರದ ಗ್ರಾಹಕದ ಮೇಲೆ. ಅದನ್ನು 1997ರಲ್ಲಿ ಪತ್ತೆ ಮಾಡಿದ ಡೇವಿಡ್ ಜೂಲಿಯಸ್ 2021ರಲ್ಲಿ ಆರ್ಡೆಮ್ ಪಟಪೂಟಿಯನ್ ಜೊತೆ ನೊಬೆಲ್ ಹಂಚಿಕೊಂಡರು. ಬಾಯಿ ಉರಿಯುತ್ತಿದೆ ಎಂದು ನಂಬಿದ ಮಿದುಳು ದೇಹವನ್ನು ತಂಪು ಮಾಡಲು ಹೊರಡುತ್ತದೆ: ಚರ್ಮದ ನಾಳಗಳು ತೆರೆಯುತ್ತವೆ, ಹಣೆಯಲ್ಲಿ ಬೆವರೊಡೆಯುತ್ತದೆ. ಬೆಚ್ಚಗಾದಂತೆ ಅನಿಸುತ್ತದೆ, ಶಾಖ ಮಾತ್ರ ಹೊರಹೋಗುತ್ತಿರುತ್ತದೆ. ನಿಜವಾಗಿ ಶಾಖ ಕೊಡುವುದು ಮೀನಿನ ಪ್ರೋಟೀನು. ಅದರ ಶಕ್ತಿಯಲ್ಲಿ ಶೇಕಡ 20ರಿಂದ 30ರಷ್ಟು ಜೀರ್ಣಿಸಿ ಬಳಸಿಕೊಳ್ಳುವ ಕೆಲಸದಲ್ಲೇ ಶಾಖವಾಗಿ ಹೊರಬರುತ್ತದೆ.

ಆದ್ದರಿಂದ ಹಿಂದಿರುಗುವವರಿಗೆ ನನ್ನದೊಂದು ಕೋರಿಕೆ. ಖಾರದ ಬಿಸಿಯನ್ನು ನಂಬಿ ಬರಿಯ ಅಂಗಿಯಲ್ಲಿ ಘಾಟಿ ಹತ್ತಬೇಡಿ. ಮದ್ಯವೂ ಚರ್ಮದ ನಾಳಗಳನ್ನು ತೆರೆದು ಇದೇ ಮೋಸ ಮಾಡುತ್ತದೆ, ಸವಾರಿಯ ದಿನ ಅದರ ಮಾತೇ ಬೇಡ. ಬೆವರಿಗೆ ಒದ್ದೆಯಾದ ಅಂಗಿಯನ್ನು ಬದಲಿಸಿ. ಜರ್ಕಿನ್, ಕೈಗವಸುಗಳನ್ನು ಮೇಲೆ ಕೊಟ್ಟಿಗೆಹಾರದಲ್ಲಲ್ಲ, ಕೆಳಗೆ ಚಾರ್ಮಾಡಿ ಊರಿನಲ್ಲೇ, ಮೈ ಇನ್ನೂ ಬೆಚ್ಚಗಿರುವಾಗ ಹಾಕಿಕೊಳ್ಳಿ. ಒಮ್ಮೆ ತಣ್ಣಗಾದ ಬೆರಳನ್ನು ಬಿಸಿ ಮಾಡುವುದಕ್ಕಿಂತ ಬಿಸಿ ಬೆರಳನ್ನು ಹಾಗೇ ಉಳಿಸಿಕೊಳ್ಳುವುದು ಬಹಳ ಸುಲಭ.