ಆಯಿ ಗುನುಗಿದ್ದು ಯಾವ ಹಾಡು?

ಬಸ್ಸಿನಲ್ಲಿ ಪಕ್ಕದ ಸೀಟಿನವರ ಫೋನಿನಿಂದ ಒಂದು ಟ್ಯೂನ್ ಕೇಳಿಸುತ್ತದೆ. ಅಷ್ಟರಲ್ಲಿ ನಿಮ್ಮ ಸ್ಟಾಪ್ ಬಂದು ಇಳಿಯುತ್ತೀರಿ. ಟ್ಯೂನ್ ಮಾತ್ರ ತಲೆಯಿಂದ ಇಳಿಯುವುದಿಲ್ಲ. ಪದ ಒಂದೂ ನೆನಪಿಲ್ಲ. ಗೆಳೆಯರ ಮುಂದೆ 'ನಾ ನಾ ನಾನಾ' ಎಂದು ಹಾಡಿ ತೋರಿಸಿದರೆ, ಅವರು ಹಾಡು ಹೇಳುವುದು ಬಿಟ್ಟು ನಿಮ್ಮನ್ನೇ ನೋಡಿ ನಗುತ್ತಾರೆ. ಎಲ್ಲರಿಗೂ ಒಮ್ಮೆಯಾದರೂ ಹೀಗಾಗಿರುತ್ತದೆ. ಎರಡು ದಿನ ತಲೆ ತಿಂದು, ಮೂರನೇ ದಿನ ಮರೆತುಹೋಗುತ್ತದೆ.

ನನಗೆ ಮರೆಯುವ ಹಾಗಿರಲಿಲ್ಲ. ಗುನುಗುತ್ತಿದ್ದವಳು ನಮ್ಮ ಆಯಿ, ಅಂದರೆ ಅಜ್ಜಿ.

ಕಳೆದ ದೀಪಾವಳಿಯ ಹಿಂದಿನ ವಾರ ಆಯಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸೋತವು. ಅದಕ್ಕಿಂತ ದೊಡ್ಡ ಪೆಟ್ಟು ಮಾತಿಗೆ ಬಿತ್ತು. ನಾವು ಹೇಳುವುದೆಲ್ಲ ಅವಳಿಗೆ ಅರ್ಥವಾಗುತ್ತದೆ. ನೀರು ಬೇಕಾ ಎಂದರೆ ಕತ್ತು ಹಾಕುತ್ತಾಳೆ. ಬಾಯಿಂದ ಬರುವುದು ಮಾತ್ರ 'ಹೂಂ' ಮತ್ತು 'ಅದ' ಎರಡೇ. ಇಡೀ ಓಣಿಗೆ ಕೇಳಿಸುವಂತೆ ಮಾತಾಡುತ್ತಿದ್ದ ಹೆಂಗಸು ಎರಡು ಶಬ್ದಕ್ಕೆ ಇಳಿದಿದ್ದಳು. ಹೇಳಲಾಗದೆ ಸಿಟ್ಟು ಬಂದಾಗ ಎಡಗೈಯಿಂದ ಮಂಚ ಬಡಿಯುತ್ತಿದ್ದಳು.

ಮನೆಗೆ ಬಂದ ಎರಡನೇ ವಾರ, ಒಂದು ಸಂಜೆ ಗುನುಗಲು ಶುರು ಮಾಡಿದಳು. ಪದ ಇಲ್ಲ, ಬರೀ ಧಾಟಿ. ಅದೂ ತಪ್ಪಿಲ್ಲದೆ, ದಿನಾ ಒಂದೇ ರೀತಿ. ಹುಬ್ಬಳ್ಳಿಯ ಸ್ಪೀಚ್ ಥೆರಪಿಸ್ಟ್ ಮೇಡಂಗೆ ಇದನ್ನು ಹೇಳಿದಾಗ ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ಹೋದ ಕೆಲವರಲ್ಲಿ ಹಾಡುವ ಶಕ್ತಿ ಉಳಿದಿರುತ್ತದಂತೆ. ಮಾತಾಡಲಾಗದ ಒಬ್ಬ ಮನುಷ್ಯ ಪ್ರಾರ್ಥನಾ ಗೀತೆಗಳನ್ನು ಪದಸಹಿತ ಹಾಡುತ್ತಿದ್ದ ಸಂಗತಿ ಸ್ವೀಡನ್‌ನಲ್ಲಿ 1745ರಷ್ಟು ಹಿಂದೆಯೇ ದಾಖಲಾಗಿದೆ. ಹಾಡಿನ ಏರಿಳಿತದ ಮೂಲಕ ಮಾತು ಕಲಿಸುವ ಚಿಕಿತ್ಸೆಯನ್ನು ಅಮೆರಿಕದ ವೈದ್ಯರು 1973ರಲ್ಲಿ ರೂಪಿಸಿದರು. 'ಅವರು ಗುನುಗೋದು ಯಾವ ಹಾಡು ಅಂತ ತಿಳಕೊಂಡು ಬಾ. ಪದ ಸಿಕ್ಕರೆ ಅವರ ಜೊತೆ ಕೂತು ಹಾಡೋಣ' ಎಂದರು ಮೇಡಂ.

ಇದೇನು ಮಹಾ ಅಂದುಕೊಂಡೆ. ಕೈಯಲ್ಲಿ ಫೋನಿದೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಮನೆಯಲ್ಲೇ ಇರುವವನಿಗೆ ಸಮಯವೂ ಇದೆ.

ಮೊದಲು ಶಜಾಮ್ ತೆರೆದೆ. ಏನೂ ಸಿಗಲಿಲ್ಲ. ಯಾಕೆಂದು ಓದಿದ ಮೇಲೆ ತಿಳಿಯಿತು, ಅದರ ಕೆಲಸವೇ ಬೇರೆ. 2002ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದಾಗ ಅದು ಆ್ಯಪ್ ಆಗಿರಲೇ ಇಲ್ಲ. 2580 ನಂಬರಿಗೆ ಕರೆ ಮಾಡಿ ಫೋನನ್ನು ಸ್ಪೀಕರ್ ಕಡೆ ಹಿಡಿದರೆ, ಹಾಡಿನ ಹೆಸರು ಎಸ್ಸೆಮ್ಮೆಸ್ಸಿನಲ್ಲಿ ಬರುತ್ತಿತ್ತು. ಅದು ಕೇಳಿದ ಸದ್ದನ್ನು ಒಂದು ಚಿತ್ರ ಮಾಡಿಕೊಳ್ಳುತ್ತದೆ. ಆ ಚಿತ್ರದಲ್ಲಿ ಜೋರಾಗಿರುವ ಬಿಂದುಗಳನ್ನಷ್ಟೇ ಉಳಿಸಿಕೊಳ್ಳುತ್ತದೆ, ರಾತ್ರಿ ಆಕಾಶದಲ್ಲಿ ಹೊಳೆಯುವ ಚುಕ್ಕಿಗಳಷ್ಟೇ ನಮಗೆ ಕಾಣುವ ಹಾಗೆ. ಒಂದು ಚುಕ್ಕಿಗೂ ಇನ್ನೊಂದಕ್ಕೂ ಇರುವ ಅಂತರವೇ ಹಾಡಿನ ಬೆರಳಚ್ಚು. ಅದನ್ನು ತನ್ನ ಸಂಗ್ರಹದಲ್ಲಿರುವ ಬೆರಳಚ್ಚುಗಳ ಜೊತೆ ತಾಳೆ ನೋಡುತ್ತದೆ. ಹೀಗಾಗಿ ಗದ್ದಲದ ಹೋಟೆಲಿನಲ್ಲೂ ಅದು ಹಾಡನ್ನು ಗುರುತಿಸಬಲ್ಲದು. ಆದರೆ ಅದಕ್ಕೆ ಅದೇ ರೆಕಾರ್ಡಿಂಗ್ ಬೇಕು. ಅದೇ ಗಾಯಕ ಅದೇ ಹಾಡನ್ನು ವೇದಿಕೆಯ ಮೇಲೆ ಹೊಸದಾಗಿ ಹಾಡಿದರೆ ಚುಕ್ಕಿಗಳ ಜಾಗ ಬದಲಾಗುತ್ತದೆ. ಇನ್ನು ನಮ್ಮ ಆಯಿ ಗುನುಗಿದ್ದು ಎಲ್ಲಿ ಹೊಂದಬೇಕು?

ಗುನುಗಿದ್ದನ್ನು ಹುಡುಕುವ ಸೌಲಭ್ಯವನ್ನು ಗೂಗಲ್ 2020ರ ಅಕ್ಟೋಬರ್‌ನಲ್ಲಿ ತಂದಿತು. ಮೈಕ್ ಒತ್ತಿ ಹತ್ತರಿಂದ ಹದಿನೈದು ಸೆಕೆಂಡು ಗುನುಗಿದರೆ ಸಾಕು. ದನಿ ಯಾರದು, ವಾದ್ಯ ಯಾವುದು ಎಂಬುದನ್ನೆಲ್ಲ ಬದಿಗಿಟ್ಟು ಸ್ವರ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬುದನ್ನಷ್ಟೇ ಸಂಖ್ಯೆಗಳ ಸಾಲಾಗಿ ಮಾಡಿ ಹುಡುಕುತ್ತದೆ. ನೀವು ಬಸ್ಸಿನಲ್ಲಿ ಕೇಳಿದ ಸಿನಿಮಾ ಹಾಡಿಗೆ ಇದೇ ಸರಿಯಾದ ದಾರಿ. ನಾಚಿಕೆ ಬಿಟ್ಟು ಗುನುಗಿ, ತಾಳ ತಪ್ಪಬೇಡಿ, ಅಷ್ಟೇ. ಆಯಿಯ ಧಾಟಿಗೆ ಅದು ಮೊದಲ ದಿನ ಒಂದು ಹಿಂದಿ ಹಾಡು ತೋರಿಸಿತು. ಮರುದಿನ ತೆಲುಗಿನದು. ಆಯಿ ಬದಲು ನಾನೇ ಗುನುಗಿದಾಗ ಕೊರಿಯಾದ ಹಾಡೊಂದನ್ನು ಕೊಟ್ಟಿತು. ಆ ಕೊರಿಯಾ ಹಾಡನ್ನು ಆಯಿಗೆ ಕೇಳಿಸಿದೆ. ಲಕ್ವಾ ಹೊಡೆದ ಮೇಲೆ ಅವಳು ಮೊದಲ ಸಲ ನಕ್ಕಿದ್ದು ಆಗ.

ಮನುಷ್ಯರನ್ನೇ ಕೇಳೋಣ ಎಂದು ಭಜನಾ ಮಂಡಳಿಯಲ್ಲಿ ಪೇಟಿ ಬಾರಿಸುವ ಮಾಸ್ತರರ ಬಳಿ ಹೋದೆ. ಅವರು ನಾಲ್ಕು ಸಲ ಕ್ಲಿಪ್ ಕೇಳಿ, ಪೇಟಿಯ ಮೇಲೆ ಬೆರಳಾಡಿಸಿ, 'ನಾಲ್ಕೈದು ಸ್ವರದಾಗ ತಿರಗತೈತಿ. ಇಷ್ಟರ ಮ್ಯಾಲೆ ರಾಗ ಅಂತ ಹೆಸರು ಇಡಾಕ ಬರಂಗಿಲ್ಲ' ಎಂದರು. ಸಿನಿಮಾ ಹಾಡಲ್ಲ, ನಾಟಕದ್ದೂ ಅಲ್ಲ ಎಂಬುದು ಅವರ ತೀರ್ಪು. ಯಾವುದು ಅಲ್ಲ ಎಂದು ಗೊತ್ತಾಗಿದ್ದೂ ಒಂದು ಲಾಭವೇ ಅಂದುಕೊಂಡು ಬಂದೆ.

ಆ ದಿನಗಳಲ್ಲಿ ಇಂಥ ಹುಡುಕಾಟಗಳ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೆ. ಜರ್ಮನಿಯಲ್ಲಿ 1980ರ ದಶಕದಲ್ಲಿ ಯಾರೋ ರೇಡಿಯೊದಿಂದ ಕ್ಯಾಸೆಟ್ಟಿಗೆ ಹಿಡಿದಿಟ್ಟ ಒಂದು ರಾಕ್ ಹಾಡಿತ್ತು. ಹಾಡಿದವರು ಯಾರೆಂದು ಜಗತ್ತಿನಾದ್ಯಂತ ಸಾವಿರಾರು ಜನ ವರ್ಷಗಟ್ಟಲೆ ಹುಡುಕಿದರು. ಕೊನೆಗೆ 2024ರ ನವೆಂಬರ್‌ನಲ್ಲಿ ಅದು ಫೆಕ್ಸ್ ಎಂಬ ಜರ್ಮನ್ ತಂಡದ್ದೆಂದು ತಿಳಿಯಿತು. ಅದನ್ನು ಪತ್ತೆ ಮಾಡಿದ್ದು ಯಂತ್ರವಲ್ಲ, ಹಳೆಯ ಪತ್ರಿಕೆಗಳನ್ನು ಜಾಲಾಡಿದ ಒಬ್ಬ ಹವ್ಯಾಸಿ. ಇದನ್ನು ಓದಿ ನನಗೆ ಧೈರ್ಯವೂ ಬಂತು, ಹೆದರಿಕೆಯೂ ಆಯಿತು. ಅವರ ಹತ್ತಿರ ಅಷ್ಟು ವರ್ಷಗಳಿದ್ದವು. ಲಕ್ವಾ ಆದ ಮೊದಲ ಕೆಲವು ತಿಂಗಳಲ್ಲಿ ಆಗುವಷ್ಟು ಸುಧಾರಣೆ ಆಮೇಲೆ ಆಗುವುದು ಕಷ್ಟ ಎಂದು ನಮಗೆ ಹೇಳಿದ್ದರು.

ಸ್ವರಜ್ಞಾನ ಇಲ್ಲದವರೂ ಮಾಡಬಹುದಾದ ಒಂದು ವಿಧಾನ ಸಿಕ್ಕಿದ್ದು ಇದೇ ಓದಿನಲ್ಲಿ. ಡೆನಿಸ್ ಪಾರ್ಸನ್ಸ್ ಎಂಬ ಬ್ರಿಟಿಷ್ ಲೇಖಕ 1975ರಲ್ಲಿ ರಾಗಗಳದ್ದೇ ಒಂದು ನಿಘಂಟಿನಂಥ ಪುಸ್ತಕ ತಂದ. ಅವನ ಲೆಕ್ಕ ಬಹಳ ಸರಳ. ಮೊದಲ ಸ್ವರಕ್ಕೆ ಒಂದು ನಕ್ಷತ್ರ. ಮುಂದಿನದು ಹಿಂದಿನದಕ್ಕಿಂತ ಮೇಲೋ, ಕೆಳಗೋ, ಅದೇ ಸ್ವರವೋ ಎಂದಷ್ಟೇ ಗುರುತು ಹಾಕುತ್ತಾ ಹೋಗುವುದು. ಎಷ್ಟು ಮೇಲೆ, ಎಷ್ಟು ಹೊತ್ತು ಎಂಬುದು ಬೇಡ. ಮೊದಲ ಹತ್ತು ಹದಿನೈದು ಗುರುತುಗಳಲ್ಲೇ ಬಹಳಷ್ಟು ಧಾಟಿಗಳು ಬೇರೆ ಬೇರೆಯಾಗಿಬಿಡುತ್ತವೆ. ನಾನೂ ರಫ್ ಬುಕ್ಕಿನಲ್ಲಿ ಮೇ, ಕೆ, ಅ ಎಂದು ಬರೆಯುತ್ತಾ ಹೋದೆ. ಪಾರ್ಸನ್ಸ್ ಪುಸ್ತಕದಲ್ಲಿ ಆಯಿಯ ಹಾಡು ಇರಲು ಸಾಧ್ಯವಿರಲಿಲ್ಲ, ಆದರೆ ಬರೆದಾಗ ಕಿವಿಗೆ ಹೊಳೆಯದ್ದು ಕಣ್ಣಿಗೆ ಕಂಡಿತು. ಧಾಟಿಯಲ್ಲಿ ನಾಲ್ಕು ತುಂಡುಗಳಿದ್ದವು. ಮೂರನೆಯದು ಎರಡನೆಯದರದ್ದೇ ಪುನರಾವರ್ತನೆ.

ಆ ಹಾಳೆಯನ್ನು ಡಿಗ್ರಿಯಲ್ಲಿ ಕನ್ನಡ ಪಾಠ ಮಾಡಿದ್ದ ಸರ್‌ಗೆ ತೋರಿಸಿದೆ. 'ತ್ರಿಪದಿ ಇರಬೇಕಲ್ಲೋ' ಎಂದರು ತಟ್ಟನೆ. ತ್ರಿಪದಿ ಬರೆದಾಗ ಮೂರು ಸಾಲು. ಹಾಡುವಾಗ ಎರಡನೇ ಸಾಲಿನ ಭಾಗ ಮತ್ತೊಮ್ಮೆ ಬಂದು ನಾಲ್ಕಾಗುತ್ತದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಹಿಡಿದು ಸರ್ವಜ್ಞನವರೆಗೆ ಇರುವುದು ಇದೇ ಛಂದಸ್ಸು ಎಂದು ಪರೀಕ್ಷೆಗೆ ಎಷ್ಟು ಸಲ ಬಾಯಿಪಾಠ ಮಾಡಿದ್ದೆ! ಅದು ನಮ್ಮ ಪಡಸಾಲೆಯ ಮಂಚದ ಮೇಲೆ ಗುನುಗುತ್ತಾ ಕೂತಿದ್ದು ಮಾತ್ರ ತಿಳಿದಿರಲಿಲ್ಲ.

ಲೈಬ್ರರಿಯಿಂದ 'ಗರತಿಯ ಹಾಡು' ತಂದೆ. ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ತ್ರಿಪದಿಗಳ ಪುಸ್ತಕ ಅದು. ಅಲ್ಲಿ ಇನ್ನೊಂದು ಪೇಚು ಶುರುವಾಯಿತು. ಪುಸ್ತಕದ ತುಂಬ ಪದಗಳಿವೆ, ಧಾಟಿ ಇಲ್ಲ. ನಮ್ಮ ಮನೆಯಲ್ಲಿ ಧಾಟಿ ಇದೆ, ಪದ ಇಲ್ಲ. ಆಯಿಯ ಧಾಟಿಗೆ ಪುಸ್ತಕದ ಒಂದು ತ್ರಿಪದಿ ಹೊಂದಿಸಿದೆ, ಸರಿಯಾಗಿ ಕೂತಿತು. ಕುಣಿದಾಡಿದೆ. ಮುಂದಿನ ಪುಟದ್ದನ್ನು ಹೊಂದಿಸಿದೆ, ಅದೂ ಕೂತಿತು. ಅದರ ಮುಂದಿನದೂ. ಒಂದು ಬೀಗಕ್ಕೆ ಕೈಗೆ ಸಿಕ್ಕ ಕೀಲಿಯೆಲ್ಲ ಹತ್ತಿದರೆ, ಅದರ ಕೀಲಿ ಯಾವುದೆಂದು ಹೇಳುವುದು? ಹಲವನ್ನು ಆಯಿಯ ಮುಂದೆ ಹಾಡಿದೆ. ಅವಳು ಸುಮ್ಮನೆ ಗೋಡೆ ನೋಡಿದಳು.

ಆಯಿಯ ತಂಗಿ, ನಮ್ಮ ಸಣ್ಣಾಯಿ, ರಾಣೆಬೆನ್ನೂರು ಕಡೆಯ ಹಳ್ಳಿಯಲ್ಲಿದ್ದಾರೆ. ಅವರ ಮೊಮ್ಮಗನ ವಾಟ್ಸ್ಆ್ಯಪ್‌ಗೆ ಮೊದಲೇ ಕ್ಲಿಪ್ ಕಳಿಸಿದ್ದೆ. 'ಗೊತ್ತಾಗಲಿಲ್ಲ ಅಂದ್ಲು' ಎಂದು ಉತ್ತರ ಬಂದಿತ್ತು. ಫೆಬ್ರುವರಿಯಲ್ಲಿ ಒಂದು ಸಂಜೆ ಅವರೇ ಅಕ್ಕನನ್ನು ನೋಡಬೇಕೆಂದು ವಿಡಿಯೊ ಕಾಲ್ ಮಾಡಿಸಿದರು. ಆಗ ಆಯಿ ಗುನುಗುತ್ತಿದ್ದಳು. ಸಣ್ಣಾಯಿ ಒಂದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಕೇಳಿದರು: 'ತಮ್ಮಾ, ಫೋನು ಕೆಳಗ ಹಿಡಿ. ಅಕಿ ಕೈ ಕಾಣಸ್ಲಿ.'

ಆಯಿಯ ಎಡಗೈ ಹೊದಿಕೆಯ ಮೇಲೆ ದುಂಡಗೆ ತಿರುಗುತ್ತಿತ್ತು. ನಾಲ್ಕು ತಿಂಗಳಿಂದ ನಾವೆಲ್ಲ ಅದನ್ನು ನೋಡಿದ್ದೆವು. ಲಕ್ವಾದ ಚಡಪಡಿಕೆ ಎಂದುಕೊಂಡು ಎಷ್ಟೋ ಸಲ ಕೈ ಹಿಡಿದು ನಿಲ್ಲಿಸಿದ್ದೂ ಉಂಟು.

'ಅಕಿ ಬೀಸಾಕ ಹತ್ಯಾಳ' ಎಂದರು ಸಣ್ಣಾಯಿ.

ಬೀಸುಕಲ್ಲಿನ ಧಾಟಿ. ತವರಿನಲ್ಲಿ ಅಕ್ಕತಂಗಿಯರು ಎದುರುಬದುರು ಕೂತು, ಒಂದೇ ಗೂಟ ಹಿಡಿದು, ನಸುಕಿನಲ್ಲಿ ಜೋಳ ಬೀಸುತ್ತಾ ಹಾಡಿದ್ದು. ಸಾಲುಗಳ ನಡುವೆ ಬರುತ್ತಿದ್ದ ನಿಲುಗಡೆಗಳನ್ನು ನಾನು ಗೂಗಲ್‌ಗಾಗಿ ಕ್ಲಿಪ್ಪಿನಿಂದ ಕತ್ತರಿಸಿ ಹಾಕಿದ್ದೆ. ಕಲ್ಲಿನ ಬಾಯಿಗೆ ಒಂದು ಹಿಡಿ ಕಾಳು ಹಾಕುವ ಹೊತ್ತು ಅದು. ಸಣ್ಣಾಯಿಗೆ ಕಳಿಸಿದ್ದೂ ಆ ಕತ್ತರಿಸಿದ ಕ್ಲಿಪ್ಪೇ. ಅವರಿಗೆ ಹೇಗೆ ಗುರುತು ಹತ್ತಬೇಕು?

'ಪದ ಯಾವ್ದು ಹೇಳ್ರಿ ಸಣ್ಣಾಯಿ' ಎಂದು ಪೆನ್ನು ಹಿಡಿದು ಕೂತೆ.

'ಪದ ಯಾವ್ದಾರ ಇರ್ಲಿ. ಹಿಟ್ಟು ಆಗೂ ಮಟಾ ಹಾಡಬೇಕಷ್ಟ.'

ಇಷ್ಟು ದಿನ ನಾನು ಕೇಳಿದ್ದ ಪ್ರಶ್ನೆಯೇ ತಪ್ಪಾಗಿತ್ತು. ಅದಕ್ಕೆ ಒಂದು ಹಾಡೆಂಬುದು ಇರಲೇ ಇಲ್ಲ. ಅವತ್ತು ಮನಸ್ಸಿನಲ್ಲಿ ಏನಿತ್ತೋ ಅದೇ ಪದ. ಮಳೆ ತಡವಾಗಿದ್ದು, ಅತ್ತೆ ಅಂದಿದ್ದು, ಅಣ್ಣ ಚಕ್ಕಡಿ ಹೂಡಿಕೊಂಡು ಕರೆಯಲು ಬಂದಿದ್ದು. ಯಾವ ಸಂಗ್ರಹದಲ್ಲಿ ಹುಡುಕಿದರೂ ಆಯಿಯ ಪದ ಸಿಗುತ್ತಿರಲಿಲ್ಲ, ಅವು ಅವಳ ಸ್ವಂತದ್ದಾಗಿದ್ದವು. ಗೊತ್ತಿದ್ದವರು ಜಗತ್ತಿನಲ್ಲಿ ಇಬ್ಬರೇ. ಒಬ್ಬರಿಗೆ ಮಾತು ಬರುತ್ತಿರಲಿಲ್ಲ.

ಮರುವಾರ ಸಣ್ಣಾಯಿ ಬಸ್ಸು ಹತ್ತಿ ಬಂದರು. ಬೀಸುಕಲ್ಲು ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಣ್ಣು ಹಿಡಿದು ಬಿದ್ದಿತ್ತು. ತೊಳೆದು ಒಳಗೆ ತಂದೆವು. ಆಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಕಲ್ಲನ್ನು ಕೈಗೆಟುಕುವಂತೆ ಗಟ್ಟಿ ಬೆಂಚಿನ ಮೇಲೆ ಇಟ್ಟು, ಎಡಗೈಗೆ ಗೂಟ ಕೊಟ್ಟೆವು. ಮೇಡಂ ಫೋನಿನಲ್ಲೇ ಹೇಳಿಕೊಟ್ಟಿದ್ದು ಇಷ್ಟು: ಮೊದಲು ಜೊತೆಗೆ ಹಾಡಿ, ಆಮೇಲೆ ಸಾಲಿನ ಕೊನೆಯ ಶಬ್ದವನ್ನು ಬಿಟ್ಟು ಕಾಯಿರಿ, ಅವಸರ ಮಾಡಬೇಡಿ. ಮೊದಲ ದಿನ ಬರೀ ಗುನುಗು. ಎರಡು, ಮೂರು, ನಾಲ್ಕನೇ ದಿನವೂ ಅಷ್ಟೇ. ಸಣ್ಣಾಯಿ ಪ್ರತಿ ಸಾಲಿಗೂ ನಿಂತು ಅಕ್ಕನ ಬಾಯನ್ನೇ ನೋಡುತ್ತಿದ್ದರು. ನನಗೆ ಅಲ್ಲಿ ಕೂರಲಾಗದೆ ಹೊರಗೆ ಹೋಗುತ್ತಿದ್ದೆ.

ಐದನೇ ದಿನ ನಾನು ಕಟ್ಟೆಯ ಮೇಲೆ ಕೂತು ಕರೆಂಟ್ ಅಫೇರ್ಸ್ ಓದುತ್ತಿದ್ದಾಗ ಒಳಗಿನಿಂದ 'ಜ್ವಾಳ' ಎಂದು ಕೇಳಿಸಿತು. ಸಣ್ಣಾಯಿಯ ದನಿಯಲ್ಲ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿ ಬಂದು, 'ಯಾರಂದ್ರು? ಯಾರಂದ್ರು?' ಎಂದಳು. ಆಯಿ ನಮ್ಮೆಲ್ಲರನ್ನೂ ಒಮ್ಮೆ ನೋಡಿ, ಇದೇನು ಗದ್ದಲ ಎನ್ನುವಂತೆ ಮತ್ತೆ ಗೂಟ ತಿರುಗಿಸಿದಳು.

ಈಗ ಹಾಡಿನೊಳಗೆ ಹದಿನೇಳು ಶಬ್ದಗಳು ಬರುತ್ತವೆ. ಬರೆದಿಟ್ಟುಕೊಂಡಿದ್ದೇನೆ. ಹಾಡು ನಿಲ್ಲಿಸಿ ಕೇಳಿದರೆ ಅವೇ ಶಬ್ದಗಳು ಬರುವುದಿಲ್ಲ. ಅದು ಇನ್ನೂ ದೂರದ ದಾರಿ ಎಂದಿದ್ದಾರೆ ಮೇಡಂ. ಮೊನ್ನೆ ಹಾಡಿನ ನಡುವೆ ಸಣ್ಣಾಯಿ, ಕರೆಯಲು ಬಂದವರು ಯಾರು ಎನ್ನುವಲ್ಲಿ ನಿಲ್ಲಿಸಿದಾಗ, ಆಯಿ ತನ್ನ ಅಣ್ಣನ ಹೆಸರಿನ ಬದಲು ನನ್ನ ಹೆಸರು ಹೇಳಿದಳು. ಸಣ್ಣಾಯಿ ತಿದ್ದಲು ಹೋದರು. ಬ್ಯಾಡ್ರೀ, ಹಂಗ ಇರ್ಲಿ ಎಂದೆ.