ಡಿಗ್ರಿ ಜೊತೆಗೆ ಕೆಲಸದ ಅನುಭವ: ಮೂರು ದಾರಿ

ಡಿಗ್ರಿ ಮುಗಿಯೋ ಹೊತ್ತಿಗೆ ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಒಂದೇ ಇದ್ದರೆ ಸಾಕಾ? ಮಾಡಿ ತೋರಿಸೋ ಕೆಲಸವೂ ಬೇಕು. ಅದಕ್ಕೆ ಮೂರು ದಾರಿ ಇದೆ.

ಒಂದು, ನಿಮ್ಮ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ. ಗಾಂಧೀಜಿ ಜನ್ಮಶತಾಬ್ದಿಯ 1969ರಲ್ಲಿ ಶುರುವಾದ ಯೋಜನೆ ಇದು. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಶಿಬಿರ. ಜನರ ಜೊತೆ ಬೆರೆಯೋದು, ತಂಡ ನಡೆಸೋದು ಎರಡೂ ಇಲ್ಲಿ ಬರುತ್ತೆ.

ಎರಡು, ಎಂಜಿನಿಯರಿಂಗ್ ಓದ್ತಿದ್ದೀರಾ? ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಆಯ್ದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುತ್ತೆ. ಗೈಡ್ ಹತ್ತಿರ ಈಗಲೇ ಮಾತಾಡಿ. ಅಡಿಕೆ ಒಣಗಿಸೋದು, ಬೋರ್‌ವೆಲ್ ನೀರು... ನಿಮ್ಮೂರಿನ ನಿಜವಾದ ತೊಂದರೆಯನ್ನೇ ವಿಷಯ ಮಾಡ್ಕೊಳ್ಳಿ.

ಮೂರು, ಕನ್ನಡ ವಿಕಿಪೀಡಿಯ ಮತ್ತು ವಿಕಿಸೋರ್ಸ್. ಬಿಎ, ಬಿಕಾಂ, ಬಿಎಸ್ಸಿ ಯಾರಾದರೂ ಸರಿ. ವಿಕಿಸೋರ್ಸ್‌ನಲ್ಲಿ ಹಳೇ ಪುಸ್ತಕಗಳ ಕರಡು ತಿದ್ದಿ, ವಿಕಿಪೀಡಿಯದಲ್ಲಿ ನಿಮ್ಮ ತಾಲ್ಲೂಕಿನ ಬಗ್ಗೆ ಆಧಾರ ಸಮೇತ ಬರೀರಿ. ಮಾಡಿದ ಪ್ರತಿ ತಿದ್ದುಪಡಿಯೂ ನಿಮ್ಮ ಖಾತೆಯಲ್ಲಿ ದಾಖಲಾಗುತ್ತೆ, ಸಂದರ್ಶನದಲ್ಲಿ ತೋರಿಸಬಹುದು.

ಒಂದು ಎಚ್ಚರಿಕೆ: "ಇಂಟರ್ನ್‌ಶಿಪ್ ಕೊಡ್ತೀವಿ, ಮೊದಲು ದುಡ್ಡು ಕಟ್ಟಿ" ಅನ್ನೋರಿಂದ ದೂರ ಇರಿ.

ಮೂರರಲ್ಲಿ ನಿಮಗೆ ಯಾವುದು ಹೊಂದುತ್ತೆ? ಕಾಮೆಂಟ್‌ನಲ್ಲಿ ಬರೆಯಿರಿ, ನಾಳೆಯೇ ಶುರು ಮಾಡಿ.